ಗ್ವಾಡಿಯ ಕಿಂಡಿ

ಗುಳೇದಗುಡ್ಡದಾಗ ನಮಗೂ ಅಂಬಕ್ಕಗೂ ಒಂದ ಗ್ವಾಡಿ.
ಮಣ್ಣಿಂದು, ಎರಡು ಮೊಳ ದಪ್ಪ,
ನಟ್ಟನಡುವ ಒಂದು ಕಿಂಡಿ,
ಪುಂಡಿಪಲ್ಯದ ಬಟ್ಟಲ ದಾಟುವಷ್ಟು.
ಈಗ ಅದರಾಗ ನೀಲಿ ಕೇಬಲ್ ದಾಟೇತಿ,
ಸಂದಿಗೆ ಹಳೇ ಖಣದ ಚಿಂದಿ ತುರುಕೇವಿ,
ಹಲ್ಲಿ ಬರಬಾರದಂತ.

ಡಿಸ್ಕು ಅಕಿ ಕಡೆ. ನನ್ನ ಕಡೆ ಬರೇ ಕೀಲಿಮಣಿ, ಪರದಿ.
ನಮ್ಮ ನಮೂನಿ ಎಲ್ಲಾ ಅದರಾಗ ಅದಾವ,
ಸೂಜಿಮಲ್ಲಿಗಿ, ಸೂರ್ಯನಾರಾಯಣ, ಆನಿಹೆಜ್ಜಿ.
ಒಂದು ಸಾಲಂದ್ರ ಲಾಳಿಯ ಒಂದು ಓಟ.
ಎಳಿ ಎತ್ತಿದ್ರ ಒಂದು, ಬಿಟ್ರ ಸೊನ್ನಿ.
ತಿದ್ದಿದ್ದು, ತಿದ್ದಿ ಕೆಡಿಸಿದ್ದು,
ಕೆಡಿಸಿದ್ದನ್ನ ರಾತ್ರಿ ಎದ್ದು ಮತ್ತ ಸರಿ ಮಾಡಿದ್ದು,
ಎಲ್ಲಾ ತಾರೀಖು ಹಚಗೊಂಡು ಸಾಲಿಗಿ ಕುಂತಾವ.

ಜೋಡಿಸಿ ಕೊಟ್ಟಾವ ಬಾದಾಮಿಯ ಮೌನೇಶ.
"ಇದಕ್ಕ ಮ್ಯಾಲ ಆಕಾಶಕ್ಕ ಹೋಗಿ ಬರೂದು ಬ್ಯಾಡ್ರಿ.
ಅವರ ಪೆಟ್ಟಿಗಿ ನಿಮ್ಮ ಪೆಟ್ಟಿಗ್ಯಾಗ
ಒಂದು ಫೋಲ್ಡರ್ ಆಗಿ ಕಾಣತೈತಿ.
ದಾರಿ ಬರದ್ರ ಸಾಕು,
ಓರೆ ಗೀಟು, ಹೆಸರು, ಓರೆ ಗೀಟು, ಹೆಸರು,
ಬಾಗಲಾ ಪಡಸಾಲಿ ದಾಟಿ ಅಡಗಿಮನಿಗೆ ಹೋಧಾಂಗ.
ಆದ್ರೂ ಇದಕ್ಕ ದೂರದ ರೆಪೊಸಿಟರಿ ಅಂತನ ಅನ್ನಬೇಕು."
ಎಲ್ಲಾರೂ ಅದಕ್ಕ ಒರಿಜಿನ್ ಅಂತ ಹೆಸರಿಡತಾರಂತ.
ನಾ ಕಿಂಡಿ ಅಂತ ಇಟ್ಟೆ.

ಬಟ್ಟಲ ಖಾಲಿ ತಿರುಗಿ ಕೊಡಬಾರದಂತ
ನಮ್ಮವ್ವ ಒಂದು ಚೂರು ಬೆಲ್ಲಾನರ ಹಾಕಿ ಕಳಸತಿದ್ಲು.
ನಾನೂ ಹಂಗ,
ಅಕಿದು ಎಳಕೊಂಡ ಮ್ಯಾಲ ನಂದೊಂದು ತಳ್ಳತಿದ್ದೆ,
ಏನಿಲ್ಲಂದ್ರ ಅಂಚಿಗೊಂದು ಚಿಕ್ಕಿ.

ಶ್ರಾವಣದಾಗ ಆನಿಹೆಜ್ಜಿಗೆ ಜಗಳ ಬಂತು.
ಹನ್ನೆರಡು ಎಳಿ ಅಂದೆ ನಾನು,
ಹದಿನಾಲ್ಕು ಅಂದ್ಲು ಅಕಿ.
"ನಿನ್ನ ಆನಿ ಕುಂಟತೈತಿ" ಅಂದೆ.
ಅಷ್ಟ.
ನಳದ ಹಂತ್ಯಾಕ ಮಾರಿ ತಿರಿವಿಕೊಂಡು ಹೋದ್ಲು.
ಬನ್ನಿ ಬರಲಿಲ್ಲ, ಸಂಕ್ರಾಂತಿ ಎಳ್ಳೂ ಬರಲಿಲ್ಲ.

ದೂರದ ಬೆಟ್ಟ ನುಣ್ಣಗ ಅಂತಾರ.
ನಮ್ಮೂರ ಗುಡ್ಡ ದೂರಿಂದಾನೂ ಕಲ್ಲ, ಹತ್ತರದಿಂದಾನೂ ಕಲ್ಲ.
ಎರಡು ಮೊಳದ ಗ್ವಾಡಿ ಎಷ್ಟು ದೂರ ಅಂತ
ಅಳಿಯೂ ಗಜ ಯಾರ ಕಡೆ ಐತಿ?

ಆದ್ರ ಫೋಲ್ಡರ್ ಅಲ್ಲೇ ಇತ್ತು.
ಕೇಬಲ್ ಅಕಿ ಕಿತ್ತಿರಲಿಲ್ಲ, ನಾನೂ ಕಿತ್ತಿರಲಿಲ್ಲ.
ಅಕಿ ಮನಿ ಫ್ಯೂಜ್ ಹೋದ್ರ
ನನ್ನ ಪರದಿ ಗಪ್ಪಾಗತಿತ್ತು.
ನನ್ನ ಲೈಟ್ ಉರೀತಾವ, ಫ್ಯಾನ್ ತಿರಗತಾವ,
ನನ್ನ ಮನ್ಯಾಗಿನ ಫೋಲ್ಡರ್ ಒಂದು
ಕರದ್ರ ಓ ಅನ್ನೂದಿಲ್ಲ.
ಆವಾಗ ಗೊತ್ತಾಗತಿತ್ತು,
ಅಕಿ ಕತ್ತಲ್ಯಾಗ ಮೇಣಬತ್ತಿ ಹುಡಕಾಕತ್ಯಾಳ.

ಮಾಘದಾಗ ಒಂದಿನ ಚಿಕ್ಕಿ ತಳ್ಳಿದೆ, ಹೋಗಲಿಲ್ಲ.
ಅನುಮತಿ ಇಲ್ಲ ಅಂತು.
ತೀರಿತು, ಕಿಂಡಿಗೆ ಅಗಳಿ ಹಾಕಿದ್ಲು ಅಂದಕೊಂಡೆ.
ಮೌನೇಶಗ ಫೋನ್ ಹಚ್ಚಿದ್ರ ನಕ್ಕ.
"ಓದಾಕ ಬಿಟ್ಟೈತ್ರಿ, ಬರಿಯಾಕ ಬಿಟ್ಟಿಲ್ಲ.
ಅವರು ಹೊಸದೇನೋ ಇಟ್ಟಾರ,
ಆ ಖಾನೆ ಅವರೊಬ್ಬರ ಹೆಸರಿಲೆ ಹುಟ್ಟೇತಿ.
ಬೇಕಂತ ಮಾಡಿದ್ದಲ್ಲ ಬಿಡ್ರಿ, ಹಿಂಗಾಗತೈತಿ."

ಹೊಸದೇನು?
ಎಳಕೊಂಡು ನೋಡಿದೆ.
ಆರು ತಿಂಗಳಾದ ಮ್ಯಾಲ ಒಂದು ಸಾಲು, ಅಕಿ ಕೈದು,
ರಾತ್ರಿ ಎರಡು ಹತ್ತಕ್ಕ ಬರದದ್ದು:
"ಆನಿಹೆಜ್ಜಿ. ಹದಿಮೂರು ಎಳಿ. ನೇದು ನೋಡೀನಿ. ಕುಂಟೂದಿಲ್ಲ."

ಹದಿಮೂರು!
ಆ ಕಡೆ ಆರು, ಈ ಕಡೆ ಆರು,
ನಡುವ ಒಂದು ಎಳಿ.

ಉತ್ತರ ಬರಿಯಾಕ ಅನುಮತಿ ಇಲ್ಲ.
ಚಿಂದಿ ಕಿತ್ತಿದೆ. ಧೂಳ ಉದುರಿತು, ಒಂದು ಹಲ್ಲಿಮರಿ.
ಕಿಂಡಿಗೆ ಬಾಯಿ ಹಚ್ಚಿ ಕೂಗಿದೆ,
"ಅಂಬಕ್ಕಾ, ನನಗ ಬರಿಯಾಕ ಬಿಡ."

ಮಗ್ಗ ನಿಂತು.
ಬಾಳ ಹೊತ್ತಿನ ಮ್ಯಾಲ, ಕೇಬಲ್ಲಿನ ಪಕ್ಕದಿಂದ,
"ಹ್ಯಾಂಗ ಬಿಡೂದು, ಹೇಳ."